ಉಪ್ಪುಹುಳುವಿನ ಮೀಮಾಂಸೆ: ಏನೂ ಮಾಡದ ವಸ್ತುವೊಂದರ ಸಮಗ್ರ ಅಧ್ಯಯನ

ಪೀಠಿಕೆ

ಗೇಣುದ್ದವೂ ಇಲ್ಲದ ಒಂದು ಪ್ಲಾಸ್ಟಿಕ್ ಕಡ್ಡಿಯನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆಸೆದು ಸುಮ್ಮನಿದ್ದರೆ ಮೀನು ಬಂದು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ವಿಷಯ ಇಷ್ಟೇ. ಇಷ್ಟೇ ಎಂದು ಒಪ್ಪಿಕೊಂಡುಬಿಟ್ಟರೆ ಪ್ರಬಂಧದ ಗತಿಯೇನು? ಆದ್ದರಿಂದ ಪ್ರಸ್ತುತ ಪ್ರಬಂಧಕಾರರು ಈ ಕಡ್ಡಿಯನ್ನು 'ಅಧೋಗಾಮಿ ಲವಣಗರ್ಭ ನಿಷ್ಕ್ರಿಯ ಮೃದುದಂಡ' ಎಂದು ಕರೆಯುತ್ತಾರೆ. ಅಮೆರಿಕದ ಗಾಳಗಾರರು 'ಸ್ಟಿಕ್ ವರ್ಮ್' ಎನ್ನುತ್ತಾರೆ. ಕೇಳಿದ ಕೂಡಲೇ ಅರ್ಥವಾಗುವ ಹೆಸರು ಶಾಸ್ತ್ರಕ್ಕೆ ಒಗ್ಗದು.

ಈ ದಂಡವನ್ನು ಕಚ್ಚುವ ಮೀನು ಬಾಸ್. ಕನ್ನಡ ಓದುಗರಿಗೆ ಬಾಸ್ ಎಂದೊಡನೆ ಕಚೇರಿ ನೆನಪಾಗುವುದು ಸಹಜ. ಇಬ್ಬರಿಗೂ ಬಾಯಿ ದೊಡ್ಡದು, ಉಳಿದ ಸಾಮ್ಯಗಳಿಗೆ ಪ್ರತ್ಯೇಕ ಪ್ರಬಂಧವೇ ಬೇಕು. 1802ರಲ್ಲಿ ಫ್ರೆಂಚ್ ವಿದ್ವಾಂಸ ಲಾಸೆಪೆಡ್ ಈ ಕುಲಕ್ಕೆ 'ಮೈಕ್ರೋಪ್ಟೆರಸ್' ಎಂದು ಹೆಸರಿಟ್ಟ. ಪುಟ್ಟ ರೆಕ್ಕೆಯದು ಎಂದು ಅರ್ಥ. ಅವನ ಕೈಗೆ ಸಿಕ್ಕ ಮೀನಿನ ಬೆನ್ನಿನ ರೆಕ್ಕೆ ಹರಿದಿತ್ತು. ಹರಿದು ನಿಂತ ಚೂರನ್ನೇ ಅವನು ಇನ್ನೊಂದು ಪುಟ್ಟ ರೆಕ್ಕೆ ಎಂದು ಬಗೆದ. ಒಂದು ಮೀನಿನ ಗಾಯ ಇಡೀ ಕುಲದ ಲಕ್ಷಣವಾಗಿ ಇನ್ನೂರು ವರ್ಷದಿಂದ ಪುಸ್ತಕಗಳಲ್ಲಿ ಕೂತಿದೆ. 2022ರ ಸಂಶೋಧನೆಯೊಂದರ ನಂತರವಂತೂ ಈ ಕುಲದ ದೊಡ್ಡಬಾಯಿ ಬಾಸ್‌ನ 'ಸಾಲ್ಮಾಯಿಡಿಸ್' ಎಂಬ ಹೆಸರು ಫ್ಲಾರಿಡಾದ ದಾಯಾದಿಯ ಪಾಲಾಗಿ, ಇದಕ್ಕೆ 'ನಿಗ್ರಿಕನ್ಸ್' ಎಂಬ ಹೆಸರು ಬಂತು. ಆಸ್ತಿ ಪಾಲಾದ ಸುದ್ದಿ ಮೀನುಗಳಿಗೆ ತಲುಪಿದಂತಿಲ್ಲ. ಎರಡೂ ಅದೇ ಹುಳುವನ್ನು ಕಚ್ಚುತ್ತಿವೆ.

ಶಬ್ದವಿಚಾರ

ಕನ್ನಡದಲ್ಲಿ 'ಎರೆ' ಎಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸು. ಹತ್ತಿ ಬೆಳೆಯುವ ಕಪ್ಪು ನೆಲವೂ ಎರೆ. ಎರೆ ಎಂದರೆ ಹೊಯ್ಯು, ಹಳಗನ್ನಡದಲ್ಲಿ ಬೇಡು. ಪ್ಲಾಸ್ಟಿಕ್ ಹುಳುವಿನ ಜೀವನಚರಿತ್ರೆ ಈ ನಾಲ್ಕರಲ್ಲೇ ಮುಗಿಯುತ್ತದೆ. ಕಾರ್ಖಾನೆಯವನು ಅಚ್ಚಿಗೆ ಎರೆಯುತ್ತಾನೆ, ಗಾಳಗಾರ ಎರೆಯಾಗಿ ಸಿಕ್ಕಿಸುತ್ತಾನೆ, ಮೀನು ಕಚ್ಚಲಿ ಎಂದು ದೇವರನ್ನು ಎರೆಯುತ್ತಾನೆ, ಹುಳು ಕಡೆಗೆ ಕೆರೆಯ ತಳದ ಕಪ್ಪು ಮಣ್ಣು ಸೇರುತ್ತದೆ. ಈ ನಿಷ್ಪತ್ತಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದಿಲ್ಲದ ಕಡೆ ವಿದ್ವಾಂಸರಿಗೆ ಕೆಲಸವೂ ಇಲ್ಲ.

ಪೂರ್ವಸೂರಿಗಳು

ಗಾಳಶಾಸ್ತ್ರಕ್ಕೆ ರಾಜಾಶ್ರಯ ಕೊಟ್ಟವನು ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಇಂದಿನ ಬಸವಕಲ್ಯಾಣದಲ್ಲಿ ಕೂತು 12ನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವುದಕ್ಕೆ ಏನು ತಿನ್ನಿಸಿ ಪಳಗಿಸಬೇಕು ಎಂಬುದೆಲ್ಲ ಅಲ್ಲಿದೆ. ಪ್ಲಾಸ್ಟಿಕ್ಕಿನ ಉಲ್ಲೇಖ ಇಲ್ಲ. ಸೋಮೇಶ್ವರನ ಮೀನುಗಳು ತಿನ್ನಲು ಬಂದರೆ ತಿನ್ನಲು ಏನಾದರೂ ಇರುತ್ತಿತ್ತು ಎಂಬುದನ್ನು ಸದ್ಯಕ್ಕೆ ಗುರುತು ಹಾಕಿಕೊಂಡು ಮುಂದೆ ಹೋಗಬೇಕು.

1949ರಲ್ಲಿ ಓಹಾಯೋ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ತಮ್ಮ ಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣ ಕಲಸಿ ಕಾಯಿಸಿ ಎರೆಹುಳುವಿನ ಅಚ್ಚಿಗೆ ಹೊಯ್ದರು. ಪ್ಲಾಸ್ಟಿಕ್ ಹುಳುವಿನ ವಂಶ ಅಲ್ಲಿಂದ ಶುರು. ಆ ಹುಳುವಿಗೆ ಇನ್ನೂ ಹುಳುವಿನ ಚಹರೆ ಇತ್ತು. ಚಹರೆಯನ್ನೂ ತೆಗೆದುಹಾಕಿದ್ದು 1990ರ ದಶಕದಲ್ಲಿ ಗ್ಯಾರಿ ಯಮಮೋಟೊ ತಂದ 'ಸೆಂಕೊ'. ಕಣ್ಣಿಲ್ಲ, ಕಾಲಿಲ್ಲ, ಅಲ್ಲಾಡುವ ಬಾಲವಿಲ್ಲ. ಇದರ ಮೂಲಮಾದರಿ ಒಂದು ಬಾಲ್‌ಪೆನ್ ಎಂಬ ಕಥೆ ಗಾಳಗಾರರ ನಡುವೆ ಓಡಾಡುತ್ತಿದೆ. ಏನೂ ಮಾಡದೆ ನೀರಿಗಿಳಿದು ಹೆಸರು ಮಾಡಿದ ಪೆನ್ನುಗಳ ಬಗ್ಗೆ ಪ್ರಬಂಧಕಾರರು ಇಲ್ಲಿ ಹೆಚ್ಚು ಹೇಳಲು ಇಚ್ಛಿಸುವುದಿಲ್ಲ.

ಇಲ್ಲೊಂದು ತೊಡಕಿದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸ್ ತೂಕದ ದೊಡ್ಡಬಾಯಿ ಬಾಸ್ ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟ ಅದನ್ನು ಸರಿಗಟ್ಟಿದರು. ಪೆರ್ರಿ ಎಸೆದದ್ದು ಮೀನಿನ ಆಕಾರದ ಹುಸಿ ಎರೆ, ಕುರಿಟ ಕಟ್ಟಿದ್ದು ಜೀವಂತ ಮೀನು. ಎರಡರಲ್ಲೂ ನಮ್ಮ ದಂಡದ ಪಾತ್ರ ಸೊನ್ನೆ. ಪ್ರಬಂಧದ ಆಶಯಕ್ಕೆ ಹೊಂದದ ಸಾಕ್ಷ್ಯವಾದ್ದರಿಂದ ಇದನ್ನು ಪರಿಗಣಿಸಿಲ್ಲ.

ವಸ್ತುಸ್ವರೂಪ

ಪೊಟ್ಟಣ ಹರಿದು ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡರೆ ಮೊದಲು ಕೈ ಜಿಡ್ಡಾಗುತ್ತದೆ. ಐದು ಅಂಗುಲ ಉದ್ದ, ಮೈತುಂಬ ಸಣ್ಣ ಬಳೆಗಳಂಥ ಗೆರೆ, ಒಳಗೆ ಚಿಮುಕಿಸಿದ ಮಿಂಚಿನ ಚೂರು. ನಡುವೆ ಹಿಡಿದು ಎತ್ತಿದರೆ ಎರಡೂ ತುದಿ ಸೋತು ಜೋಲುತ್ತವೆ. ಹಿಂಡಿದರೆ ಬೆಣ್ಣೆಯ ಹಾಗೆ, ಎಳೆದರೆ ಫಕ್ಕನೆ ಎರಡು ತುಂಡು.

ಗುಟ್ಟೆಲ್ಲ ಉಪ್ಪಿನಲ್ಲಿದೆ. ಮೆದು ಪ್ಲಾಸ್ಟಿಕ್ಕಿಗೆ ಉಪ್ಪು ಬೆರೆಸಿದ್ದರಿಂದ ತೂಕ ಬಂದು, ಸೀಸದ ಗುಂಡು ಕಟ್ಟದಿದ್ದರೂ ಹುಳು ಮಲಗಿದ ಹಾಗೇ ನಿಧಾನವಾಗಿ ಇಳಿಯುತ್ತದೆ. ಇಳಿಯುವಾಗ ಮೈ ಸಣ್ಣಗೆ ನಡುಗುತ್ತದೆ. ಮೀನು ಮರುಳಾಗುವುದು ಆ ನಡುಕಕ್ಕೆ. ಅದೇ ಉಪ್ಪಿನಿಂದ ಮೈ ಸಡಿಲವಾಗಿ, ಒಂದೆರಡು ಮೀನಿಗೆ ಹುಳು ಹರಿದು ಹೋಗುತ್ತದೆ. ಗುಣವೂ ಉಪ್ಪು, ದೋಷವೂ ಉಪ್ಪು. ಇಷ್ಟನ್ನು ಹೇಳಲು ಪ್ರಬಂಧಕಾರರು 'ಲವಣೀಯ ದ್ವಂದ್ವಾತ್ಮಕತೆಯ ಸೈದ್ಧಾಂತಿಕ ಚೌಕಟ್ಟು' ಎಂಬ 40 ಪುಟದ ಅಧ್ಯಾಯ ಬರೆದಿದ್ದರು. ಸಂಪಾದಕರು ಅದನ್ನು ಕೈಬಿಟ್ಟಿದ್ದಾರೆ.

ಸಪ್ತಮತ ಸಂಗ್ರಹ

ಹುಳುವನ್ನು ಗಾಳಕ್ಕೆ ಸಿಕ್ಕಿಸುವ ವಿಚಾರದಲ್ಲಿ ಏಳು ಮತಗಳಿವೆ.

ಮೊದಲನೆಯದು ದ್ವೈತ. ಲೋಕರೂಢಿಯಲ್ಲಿ ವ್ಯಾಕಿ ರಿಗ್. ಗಾಳವನ್ನು ಹುಳುವಿನ ನಟ್ಟನಡುವೆ ಚುಚ್ಚುವುದರಿಂದ ಎರಡು ತುದಿಗಳೂ ತಮ್ಮ ತಮ್ಮ ಪಾಡಿಗೆ ಬಡಿದುಕೊಳ್ಳುತ್ತವೆ, ಎಂದಿಗೂ ಒಂದಾಗವು. ಮೊನೆ ಹೊರಗೇ ಇರುವುದರಿಂದ ನೀರಗಿಡಗಳೆಂಬ ಸಂಸಾರದಲ್ಲಿ ಸಿಕ್ಕಿಕೊಳ್ಳುವ ಭಯ ಜಾಸ್ತಿ.

ಎರಡನೆಯದು ಅದ್ವೈತ, ಅಂದರೆ ಟೆಕ್ಸಾಸ್ ರಿಗ್. ಮೊನೆ ತಲೆಯಲ್ಲಿ ಹೊಕ್ಕು, ಹೊರಬಂದು, ತಿರುಗಿ ಮೈಯೊಳಗೇ ಅಡಗುತ್ತದೆ. ಗಾಳ ಬೇರೆ, ಹುಳು ಬೇರೆ ಎಂಬ ಭೇದ ತೋರುವುದಿಲ್ಲ. ಮೀನಿಗೆ ಆ ಜ್ಞಾನವಾಗುವ ಹೊತ್ತಿಗೆ ಅದು ದೋಣಿಯಲ್ಲಿರುತ್ತದೆ.

ಮೂರನೆಯದು ವಿಶಿಷ್ಟಾದ್ವೈತ, ಕನ್ಸಾಸ್‌ನ ಬರಹಗಾರರೊಬ್ಬರ ಹೆಸರು ಹೊತ್ತ ನೆಡ್ ರಿಗ್. ಹುಳುವನ್ನು ಅರ್ಧಕ್ಕೆ ಕತ್ತರಿಸಿ ಅಣಬೆಯಂಥ ಪುಟ್ಟ ಲೋಹದ ತಲೆಗೆ ಸಿಕ್ಕಿಸುತ್ತಾರೆ. ಇದಕ್ಕೆ ತೇಲುವ ಜಾತಿಯ ಪ್ಲಾಸ್ಟಿಕ್ ಒಳ್ಳೆಯದು. ತಲೆ ತಳದಲ್ಲಿ ಊರಿ ಬಾಲ ಆಕಾಶಕ್ಕೆ ನಿಲ್ಲುತ್ತದೆ. ಆ ತೇಲುವ ಹುಳುವನ್ನು ಉಪ್ಪುಹುಳುವಿನ ಜೊತೆ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಎರಡೂ ಕರಗಿ ಅಂಟಾಗುತ್ತವೆ. ಮತಸಮನ್ವಯ ಇಲ್ಲಿ ರಸಾಯನಶಾಸ್ತ್ರದ ಪ್ರಕಾರವೇ ಆಗದ ಮಾತು.

ನಾಲ್ಕನೆಯದಕ್ಕೆ ಹೆಸರು ಹುಡುಕುತ್ತ ಕೂತಾಗ ಕಾಫಿ ಆರಿಹೋಯಿತು. ಉಳಿದವನ್ನು ಓದುಗರು ಯಾವುದಾದರೂ ಕಂಪನಿಯ ಕ್ಯಾಟಲಾಗ್ ನೋಡಿ ತುಂಬಿಕೊಳ್ಳಬಹುದು. ಅಷ್ಟರಲ್ಲಿ ಎಂಟನೆಯದೂ ಬಂದಿರುತ್ತದೆ.

ಮತಗಳು ಎಷ್ಟೇ ಇರಲಿ, ಸಾಧನೆ ಒಂದೇ: ಸುಮ್ಮನಿರುವುದು. ಇದಕ್ಕೆ 'ಡೆಡ್‌ಸ್ಟಿಕಿಂಗ್' ಎಂಬ ಪಾರಿಭಾಷಿಕ ಪದವಿದೆ. ಎಷ್ಟು ಹೊತ್ತು ಸುಮ್ಮನಿರಬೇಕು, ಯಾವ ದಪ್ಪದ ದಾರದಲ್ಲಿ ಸುಮ್ಮನಿರಬೇಕು, ಎಷ್ಟು ಅಡಿ ಉದ್ದದ ಕೋಲು ಹಿಡಿದು ಸುಮ್ಮನಿರಬೇಕು ಎಂದು ಬಲ್ಲವರು ಗಂಟೆಗಟ್ಟಲೆ ಉಪನ್ಯಾಸ ಕೊಡುತ್ತಾರೆ. ಅದೇ ದಡದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಗಾಳ ಎಸೆದು, ಕೋಲನ್ನು ತೊಡೆಯ ಮೇಲಿಟ್ಟು, ಬಿಸ್ಕತ್ತು ತಿನ್ನುತ್ತ ಕೂತಿರುತ್ತಾಳೆ. ಸಡಿಲವಾಗಿದ್ದ ದಾರ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗುತ್ತದೆ. ಮೀನು ಅವಳದು. ಉಪನ್ಯಾಸ ಇನ್ನೂ ಮುಗಿದಿರುವುದಿಲ್ಲ. ಇದೇ ಕಾರಣಕ್ಕೆ ಸ್ಪರ್ಧೆಗಿಳಿಯುವ ಕೆಲವರು ಇದನ್ನು ಕಲಿಯುವವರ ಎರೆ ಎಂದು ಮೂಗು ಮುರಿಯುತ್ತಾರೆ. ಮೂಗು ಮುರಿದವರ ಪೆಟ್ಟಿಗೆಯಲ್ಲೂ ಒಂದು ಪೊಟ್ಟಣ ಇದ್ದೇ ಇರುತ್ತದೆ.

ವರ್ಣಮೀಮಾಂಸೆ

ಬಣ್ಣಗಳ ಹೆಸರು ಕೇಳಿದರೆ ತರಕಾರಿ ಮಾರುಕಟ್ಟೆಗೆ ಬಂದಂತಾಗುತ್ತದೆ. ಕುಂಬಳಹಸಿರು, ಕಲ್ಲಂಗಡಿಹಸಿರು, ಕೆಂಪು ಚುಕ್ಕಿಯ ಕಲ್ಲಂಗಡಿ, ನೀಲಿ ಮಿಂಚಿನ ಕಪ್ಪು. ತಿಳಿನೀರಿಗೆ ಹಸಿರು, ಕದಡು ನೀರಿಗೆ ಕಪ್ಪು ಎಂಬುದು ಎಲ್ಲರೂ ಒಪ್ಪುವ ಸೂತ್ರ. ಅದರ ಮೇಲೆ ಭಾಷ್ಯ, ಭಾಷ್ಯದ ಮೇಲೆ ಟೀಕೆ, ಟೀಕೆಗೆ ಟಿಪ್ಪಣಿ. ಬರಿಗಪ್ಪಿಗೂ ನೀಲಿ ಮಿಂಚಿನ ಕಪ್ಪಿಗೂ ಅಜಗಜಾಂತರ ಎಂದು ಸ್ನೇಹ ಕಡಿದುಕೊಂಡವರೂ ಉಂಟು.

2019ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರಶ್ನೆಯನ್ನು ಮೀನಿಗೇ ಕೇಳಿದರು. ದೊಡ್ಡಬಾಯಿ ಬಾಸ್‌ನ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು. ಕೆಂಪು, ಹಸಿರು ಚೆನ್ನಾಗಿ ತಿಳಿಯುತ್ತವೆ. ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯದೆ ಮೀನುಗಳು ತಬ್ಬಿಬ್ಬಾದವು. ನೀಲಿ ಮಿಂಚು ಅಂಗಡಿಯ ಮುಂದೆ ನಿಂತವನ ಕಣ್ಣಿಗೇ ಹೆಚ್ಚು ಹೊಳೆಯುತ್ತದೆ.

ಅರ್ಥಶಾಸ್ತ್ರ

ಹತ್ತು ಹುಳುವಿನ ಪೊಟ್ಟಣಕ್ಕೆ ಕೊಟ್ಟ ಡಾಲರುಗಳನ್ನು ಹಿಡಿದ ಮೀನಿನಿಂದ ಭಾಗಿಸುವುದರಲ್ಲಿ ಗಾಳಗಾರರ ಅರ್ಧ ಆಯುಷ್ಯ ಸವೆಯುತ್ತದೆ. ಮೂಲ ಸೆಂಕೊ ಬೇಗ ಹರಿಯುತ್ತದೆ, ಆದರೆ ಅದರ ನಡುಕ ಬೇರೆಯದಕ್ಕೆ ಬರುವುದಿಲ್ಲ ಎಂಬುದು ಸನಾತನಿಗಳ ವಾದ. ಅಗ್ಗದ ಯಮ್ ಡಿಂಗರ್ ಎಂಬ ಹುಳು ಗಟ್ಟಿ, ಮೀನಿಗೆ ಬ್ರ್ಯಾಂಡ್ ಓದಲು ಬರುವುದಿಲ್ಲ ಎಂಬುದು ಸುಧಾರಕರ ವಾದ. ಮಿತವ್ಯಯಿಗಳು ಹುಳುವಿನ ನಡುವಿಗೆ ರಬ್ಬರ್ ಉಂಗುರ ತೊಡಿಸಿ ಗಾಳವನ್ನು ಉಂಗುರಕ್ಕೆ ಸಿಕ್ಕಿಸುತ್ತಾರೆ. ಇನ್ನೂ ಮಿತವ್ಯಯಿಗಳು ಹರಿದ ತುಂಡುಗಳನ್ನು ಬೆಂಕಿಗೆ ಹಿಡಿದು ಬೆಸೆಯುತ್ತಾರೆ.

ಒಂದು ಹುಳುವಿಗೆ ಎಷ್ಟು ಮೀನು ಎಂಬ ಲೆಕ್ಕ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಒಂದು ಕೆರೆಗೆ ಎಷ್ಟು ಹುಳು ಎಂಬ ಲೆಕ್ಕ?

ಉತ್ತರಕ್ರಿಯೆ

ಈ ಅಧ್ಯಾಯಕ್ಕೆ ಪಾರಿಭಾಷಿಕ ಪದಗಳು ಒದಗಲಿಲ್ಲ. ಬೀಳುವ ವೇಗಕ್ಕೆ ಪದವಿದೆ, ನಡುಕದ ಒಂದೊಂದು ಬಗೆಗೂ ಪದವಿದೆ, ಸುಮ್ಮನಿರುವುದಕ್ಕೂ ಪದವಿದೆ. ಹರಿದ ಹುಳುವನ್ನು ಬೆರಳಲ್ಲಿ ಕಿತ್ತು, ಅತ್ತ ನೋಡದೆ ನೀರಿಗೆ ಒಗೆದು, ಹೊಸದಕ್ಕೆ ಪೊಟ್ಟಣಕ್ಕೆ ಕೈ ಹಾಕುವ ಆ ಎರಡು ಕ್ಷಣಕ್ಕೆ ಮಾತ್ರ ಯಾವ ಪಂಡಿತನೂ ಹೆಸರಿಟ್ಟಿಲ್ಲ.

ಕೆನಡಾದ ಒಂಟಾರಿಯೋದ ಚಾರ್ಲ್‌ಸ್ಟನ್ ಸರೋವರದಲ್ಲಿ ಸಂಶೋಧಕರು ನೀರಿಗಿಳಿದು ಎಣಿಸಿದರು. 2014ರಲ್ಲಿ ಪ್ರಕಟವಾದ ಅವರ ಅಂದಾಜು: ಒಂದು ಕಿಲೋಮೀಟರ್ ದಡಕ್ಕೆ ವರ್ಷಕ್ಕೆ ಸುಮಾರು 80 ಮೆದು ಪ್ಲಾಸ್ಟಿಕ್ ಎರೆಗಳು. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಇದ್ದ ಮೀನುಗಳು ನೂರಕ್ಕೆ ಎರಡು ಮೂರು. ಕಡಿಮೆಯೇ ಎನ್ನುವವರು ಎನ್ನಲಿ. ಅದೇ ಸಂಶೋಧಕರು ಎರೆಗಳನ್ನು ಎರಡು ವರ್ಷ ನೀರಲ್ಲಿಟ್ಟು ನೋಡಿದಾಗ ಅವು ಕೊಳೆತಿರಲಿಲ್ಲ, ಉಬ್ಬಿದ್ದವು. 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬ್ರೂಕ್ ಟ್ರೌಟ್ ಮೀನುಗಳು ತೊಟ್ಟಿಗೆ ಬಿದ್ದ ಇಂಥ ಎರೆಗಳನ್ನು ತಾವಾಗಿಯೇ ನುಂಗಿದವು. ನುಂಗಿದವು ಮೇವು ಬಿಟ್ಟು ತೂಕ ಕಳೆದುಕೊಂಡವು.

2013ರಲ್ಲಿ ಮೇನ್ ರಾಜ್ಯದ ಶಾಸನಸಭೆಗೆ 'ರಬ್ಬರ್' ಎರೆಗಳನ್ನು ನಿಷೇಧಿಸುವ ಮಸೂದೆ ಬಂತು. ಗಾಳಗಾರರು ಒಟ್ಟಾಗಿ ಎದ್ದುನಿಂತರು. ಹುಳುವಿನ ಯಾವ ತುದಿ ತಲೆ ಎಂಬುದರಲ್ಲೂ ಒಮ್ಮತವಿಲ್ಲದ ಜನ ಆವತ್ತು ಒಂದೇ ದನಿಯಲ್ಲಿ ಮಾತಾಡಿದರು. ನಿಷೇಧ ಆಗಲಿಲ್ಲ, ಅಧ್ಯಯನ ಆಯಿತು. ಪ್ರಬಂಧಕಾರರಿಗೆ ಸಿಟ್ಟು ಬರುವುದು ಇಲ್ಲಿಯೇ. ಹರಿದ ಹುಳುವನ್ನು ಜೇಬಿಗೆ ಹಾಕಿಕೊಳ್ಳಲು ಯಾವ ಅಧ್ಯಯನ ಬೇಕು? ಜೇಬು ಇದ್ದರೆ ಸಾಕು. ಕೆಲವರು ಡಬ್ಬಿ ಇಟ್ಟುಕೊಂಡು ಕೂಡಿಹಾಕುತ್ತಾರೆ, ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯುತ್ತಾರೆ. ಅವರು ಯಾರಿಗೂ ಉಪನ್ಯಾಸ ಕೊಡುವುದಿಲ್ಲ.

ಮೀನು ಮನೆಗೆ ಒಯ್ಯುವ ಗಾಳಗಾರನೊಬ್ಬ ಎಂದಾದರೂ ಒಂದು ಸಂಜೆ ಅಡುಗೆಮನೆಯ ಹಲಗೆಯ ಮೇಲೆ ಬಾಸ್‌ನ ಹೊಟ್ಟೆ ಸೀಳಿದಾಗ ಒಳಗಿಂದ ಬೆರಳಿಗಿಂತ ದಪ್ಪಗೆ ಊದಿದ ಹಸಿರು ಕಡ್ಡಿಯೊಂದು ಜಾರಿ ಬೀಳುತ್ತದೆ. ಅವನದೇ ಇರಬಹುದು, ಹೋದ ವರ್ಷದ ಯಾರದೋ ಇರಬಹುದು. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಮಿಂಚಿನ ಚುಕ್ಕಿಗಳು ಅಂಗಡಿಯಲ್ಲಿದ್ದ ಹಾಗೇ ಹೊಳೆಯುತ್ತವೆ. ಉಪ್ಪು ಮಾತ್ರ ಎಂದೋ ಕರಗಿ ಹೋಗಿರುತ್ತದೆ.