ಜೂನ್ ಒಂದರವರ ಸಮುದ್ರಯಾನ

ನಮ್ಮ ಗದಗ ಜಿಲ್ಲೆಗೆ ಸಮುದ್ರವಿಲ್ಲ. ಕಪ್ಪತಗುಡ್ಡ ಹತ್ತಿ ನಿಂತರೆ ಗಾಳಿಯಂತ್ರಗಳು ಕಾಣುತ್ತವೆ, ಎರಿ ಹೊಲಗಳು ಕಾಣುತ್ತವೆ. ಕಣ್ತುಂಬ ನೀರು ಕಾಣಬೇಕೆಂದರೆ ಮುಂಡರಗಿಯ ಕಡೆ ಇಳಿದು ತುಂಗಭದ್ರೆಯ ದಂಡೆಗೇ ಹೋಗಬೇಕು. ಆಚೆ ದಂಡೆಯ ಹೂವಿನಹಡಗಲಿ ಸೀಮೆಯಿಂದ ಹಿಂದೊಂದು ಕಾಲಕ್ಕೆ ಹಂಪಿಗೆ ಹೂವು ಹಡಗಿನಲ್ಲಿ ಹೋಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಆ ಹೂವುಗಳ ಗುರುತಿನ ಚೀಟಿಯನ್ನು ಯಾರೂ ಕೇಳಿದಂತಿಲ್ಲ.

ಇಂಥ ಸೀಮೆಯ ನಮ್ಮನ್ನು ಬೆಂಗಳೂರಿನಲ್ಲಿ ಕಂಪ್ಯೂಟರ್ ನೌಕರಿ ಮಾಡುವ ತಮ್ಮನ ಮಗ ಕ್ರೂಸ್‌ಗೆ ಕರೆದೊಯ್ಯುತ್ತೇನೆಂದ. ಸಿಂಗಪುರದಲ್ಲಿ ಹಡಗು ಹತ್ತುವುದು, ಮಲೇಷ್ಯಾದ ಪಿನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ತಿರುಗಿ ಸಿಂಗಪುರದಲ್ಲೇ ಇಳಿಯುವುದು. ಶಿರಹಟ್ಟಿಯ ನಮ್ಮ ಕಾಕಾ, ಮುಂಡರಗಿಯ ಅಕ್ಕ, ಲಕ್ಷ್ಮೇಶ್ವರದ ಮಾಮಾ, ಬೆಟಗೇರಿಯಿಂದ ನಾವು ಗಂಡ-ಹೆಂಡತಿ. ಅಕ್ಕ ಕೇಳಿದ್ದು ಒಂದೇ ಮಾತು: “ಹಡಗಿನ್ಯಾಗ ರೊಟ್ಟಿ ಸಿಗತಾವೇನೋ?” ಅವನು ಕೇಳಿದ್ದೂ ಒಂದೇ: “ಎಲ್ಲಾರ್ದೂ ಪಾಸ್‌ಪೋರ್ಟ್ ಅದಾವೇನ್ರಿ?”

ಮಾಳಿಗೆಯ ಮೇಲಿನ ಟ್ರಂಕುಗಳು ಕೆಳಗಿಳಿದವು.

ನಮ್ಮ ಕಡೆ ಒಂದು ವಯಸ್ಸು ದಾಟಿದವರೆಲ್ಲ ಹುಟ್ಟಿದ್ದು ಜೂನ್ 1ಕ್ಕೆ. ಶಾಲೆ ಸುರುವಾಗುವ ಹೊತ್ತಿಗೆ ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ಆರು ವರ್ಷ ತುಂಬಿತು. ತಾರೀಖು ಜೂನ್ 1 ಅಂತ ಬರೆದು ಹಾಜರಿಗೆ ಸೇರಿಸಿಕೊಂಡರು. ಕಚೇರಿಗಳಲ್ಲಿ ಮೇ 31ಕ್ಕೆ ನಿವೃತ್ತಿಯ ಹಾರ-ತುರಾಯಿ ಅಷ್ಟೊಂದು ಖರ್ಚಾಗುವುದು ಆ ಮಾಸ್ತರರ ಕೃಪೆಯಿಂದಲೇ. ಅಕ್ಕ ಮಾತ್ರ ಒಪ್ಪಲಿಲ್ಲ. “ನಾ ಹುಟ್ಟಿದ್ದು ಸೀಗಿ ಹುಣ್ಣಿವಿ ದಿನಾ. ನಮ್ಮವ್ವ ಹೊಲದಾಗ ಚರಗಾ ಚೆಲ್ಲಿ ಮನಿಗೆ ಬಂದಕೂಡ್ಲೆ ಹುಟ್ಟೀನಿ” ಎಂದಳು. “ಇಲ್ರೀ ಅತ್ತಿ, ಕಾಗದದ ಪ್ರಕಾರ ಜೂನ್ ಒಂದಕ್ಕ ಹುಟ್ಟೀರಿ. ಹುಣ್ಣಿವಿ ಹೆಸರು ಅಲ್ಲಿ ತಗೀಬ್ಯಾಡ್ರಿ” ಎಂದು ತಮ್ಮನ ಮಗ ಕೈಮುಗಿದ. 2023ರ ಅಕ್ಟೋಬರ್ 1ರಿಂದೀಚೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕಾದರೆ ಜನನ ಪ್ರಮಾಣಪತ್ರವೇ ಆಗಬೇಕು. ಅದಕ್ಕಿಂತ ಹಿಂದಿನವರಿಗೆ ಶಾಲೆ ಬಿಟ್ಟ ದಾಖಲೆಯೂ ನಡೆಯುತ್ತದೆ. ಕಿವಿ ಮುಟ್ಟಿಸಿದ ಮಾಸ್ತರರು ಹೀಗೆ ಫುಕೆಟ್ಟಿನವರೆಗೂ ಜೊತೆಗೆ ಬಂದರು.

ಕಾಕಾನದು ಹೆಸರಿನ ತಕರಾರು. ಈರಪ್ಪ ಎಂಬ ಹೆಸರು ಕನ್ನಡದಲ್ಲಿ ಎಷ್ಟು ಸರಳ! ಇಂಗ್ಲಿಷಿಗೆ ಹೋದಾಗ ಆಧಾರದಲ್ಲಿ ‘ಐ’ಯಿಂದ ಸುರುವಾಯಿತು, ಪ್ಯಾನ್ ಕಾರ್ಡಿನಲ್ಲಿ ಜೋಡಿ ‘ಇ’ಯಿಂದ, ಮತದಾರರ ಚೀಟಿ ಬರೆದವರು ಇನ್ನಷ್ಟು ಭಕ್ತಿವಂತರು, ವೀರಪ್ಪ ಮಾಡಿಟ್ಟರು. ಅಡ್ಡಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ರೇಷನ್ ಕಾರ್ಡಿನಲ್ಲಿ ಪತ್ತೆಯೇ ಇಲ್ಲ. ಈ ಎಲ್ಲ ಹೆಸರಿನವನೂ ನಾನೊಬ್ಬನೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕೆಂದಾಗ ಕಾಕಾ ಕಣ್ಣು ಕಿಸಿದ: “ನಾನಽ ನಾನು ಅಂತ ಹೇಳಾಕೂ ರೊಕ್ಕಾ ಕೊಡಬೇಕೇನಲೇ?”

ಹುಟ್ಟಿದ ಸ್ಥಳದ ಅಂಕಣ ಬಂದಾಗ ಅವನ ದನಿ ಬದಲಾಯಿತು. ಸ್ವಾತಂತ್ರ್ಯಕ್ಕಿಂತ ಎರಡು ವರ್ಷ ಮೊದಲು ಅವನು ಶಿರಹಟ್ಟಿಯಲ್ಲಿ ಹುಟ್ಟಿದಾಗ ಅದು ಸಾಂಗಲಿ ಸಂಸ್ಥಾನ. ಲಕ್ಷ್ಮೇಶ್ವರ ಮಿರಜಿನವರದು. ಪಕ್ಕದ ಗದಗ ಮಾತ್ರ ಬ್ರಿಟಿಷರ ಮುಂಬಯಿ ಇಲಾಖೆ. 1948ರಲ್ಲಿ ಸಂಸ್ಥಾನಗಳು ಮುಂಬಯಿಗೆ ಸೇರಿದವು, 1956ಕ್ಕೆ ಮೈಸೂರು ರಾಜ್ಯ, 1973ಕ್ಕೆ ಕರ್ನಾಟಕ, 1997ಕ್ಕೆ ಧಾರವಾಡದಿಂದ ಒಡೆದು ಗದಗ ಜಿಲ್ಲೆ. ಫಕೀರೇಶ್ವರ ಮಠದ ಓಣಿ ಬಿಟ್ಟು ಕದಲದ ಮನುಷ್ಯ ಇಷ್ಟು ಸರಹದ್ದುಗಳನ್ನು ವೀಸಾ ಇಲ್ಲದೆ ದಾಟಿದ್ದಾನೆ. ನನ್ನ ಮಟ್ಟಿಗೆ ಮನೆತನದ ಮೊದಲ ಕ್ರೂಸ್ ಪ್ರಯಾಣಿಕ ಅವನೇ.

ಮಾಮಾ ಅಡ್ಡದಾರಿ ತೋರಿಸಿದ. “ಪಾಸ್‌ಪೋರ್ಟಿನ ರಗಳೆನಽ ಬ್ಯಾಡ, ಲಕ್ಷದ್ವೀಪಕ್ಕ ಹೋಗೂಣು.” ಸ್ವದೇಶಿ ಹಡಗಿಗೆ ಆಧಾರವೋ ಮತದಾರರ ಚೀಟಿಯೋ ಸಾಕು, ನಿಜ. ಆದರೆ ದ್ವೀಪದ ನೆಲದ ಮೇಲೆ ಕಾಲಿಡಲು ಪರವಾನಗಿ ಬೇಕು, ಭಾರತೀಯರಿಗೂ ಬೇಕು. ತಮಾಷೆಯೆಂದರೆ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಅವು ಕೇಂದ್ರಾಡಳಿತಕ್ಕೆ ಹೋದವು; ಅದೇ ದಿನ ನಾವು ಮೈಸೂರಿಗೆ ಬಂದೆವು. ನಾವು ಒಳಗೆ ಬರುವ ಗದ್ದಲದಲ್ಲಿ ಅವರು ಹೊರಗೆ ಹೋದದ್ದನ್ನು ನೋಡಲೇ ಇಲ್ಲ. ಅತ್ತ ಮಲೇಷ್ಯಾ 2023ರ ಡಿಸೆಂಬರಿನಿಂದ ನಮಗೆ ವೀಸಾ ಬೇಡವೆಂದಿದೆ. ಪಿನಾಂಗ್‌ಗೆ ಇಲ್ಲದ ಅಪ್ಪಣೆ ಕಡಮತ್‌ಗೆ! ದ್ವೀಪದ ಜನರ ಹಿತಕ್ಕೆ ಅದು ಸರಿಯೇ ಇರಬಹುದು. ಮಾಮಾನಿಗೆ ಹೇಳಿ ಒಪ್ಪಿಸುವುದು ಬೇರೆ ಮಾತು.

ಕಡೆಗೆ ಸಿಂಗಪುರವೇ ಗಟ್ಟಿಯಾಯಿತು. ಪಾಸ್‌ಪೋರ್ಟ್ ಸೇವಾ ಕೇಂದ್ರದ ಬೆರಳಚ್ಚಿನ ಯಂತ್ರಕ್ಕೆ ಅಕ್ಕನ ಹೆಬ್ಬೆಟ್ಟು ತಿಳಿಯಲಿಲ್ಲ. ಅಲ್ಲಿನ ಹುಡುಗಿ ಗಾಜು ಒರೆಸಿದಳು, ಅಕ್ಕ ಸೆರಗಿಗೆ ಬೆರಳು ಒರೆಸಿದಳು, ಒತ್ತಿದಳು. ಕೆಂಪು ದೀಪ. ಜೀವನವಿಡೀ ರೊಟ್ಟಿ ಬಡಿದ ಕೈ, ಗೆರೆಗಳೆಲ್ಲ ಹಿಟ್ಟಿನ ಜೊತೆ ಹೋಗಿವೆ. ಹುಡುಗಿ ತಾನೇ ಆ ಹೆಬ್ಬೆಟ್ಟು ಹಿಡಿದು ಮೆಲ್ಲಗೆ ಹೊರಳಿಸಿ ಒತ್ತಿದಾಗ ಹಸಿರು ಹತ್ತಿತು. “ಏನವಾ, ನಾನಽ ಅಂತ ಗೊತ್ತಾತಿಲ್ಲೊ?” ಎಂದು ಅಕ್ಕ ಯಂತ್ರವನ್ನೇ ಕೇಳಿದಳು.

ವೀಸಾದಲ್ಲೂ ಒಂದು ಕೊಂಡಿಯಿದೆ. ಹಡಗು ಸಿಂಗಪುರ ಬಿಟ್ಟು ಮತ್ತೆ ಸಿಂಗಪುರಕ್ಕೇ ಬರುವುದರಿಂದ ಒಂದೇ ಸಲ ಒಳಬಿಡುವ ವೀಸಾ ಸಾಲದು, ಹಲವು ಸಲದ್ದೇ ಬೇಕು. ಅದರ ಮೇಲೆ ಮೂರೂ ದೇಶಗಳ ಆಗಮನದ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಬೇಕು. ಇಷ್ಟೆಲ್ಲ ಕಾಗದ ಹೊತ್ತು ಹೋದರೆ ಹಡಗಿನವರು ಕೊಡುವುದು ಒಂದು ಪ್ಲಾಸ್ಟಿಕ್ ಕಾರ್ಡು. ಕೋಣೆಯ ಕೀಲಿ ಅದೇ, ಅಂಗಡಿಯ ರೊಕ್ಕ ಅದೇ, ದಡಕ್ಕಿಳಿದು ಹತ್ತುವಾಗಿನ ಗುರುತೂ ಅದೇ. ಅದು ಹುಣ್ಣಿವಿಯನ್ನೂ ಕೇಳುವುದಿಲ್ಲ, ಸಾಂಗಲಿಯನ್ನೂ ಕೇಳುವುದಿಲ್ಲ.

ನಿಮ್ಮ ಮನೆಯಲ್ಲೂ ಜೂನ್ ಒಂದರವರಿದ್ದರೆ ಹಡಗಿನ ಟಿಕೆಟ್ಟಿಗೆ ರೊಕ್ಕ ಕಟ್ಟುವ ಮೊದಲು ಅವರ ಕಾರ್ಡುಗಳನ್ನೆಲ್ಲ ಚಾಪೆಯ ಮೇಲೆ ಹರವಿ, ಹೆಸರಿನ ಒಂದೊಂದು ಅಕ್ಷರ ಕೂಡಿಸಿ ಓದಿರಿ. ಪಾಸ್‌ಪೋರ್ಟ್ ಮೊದಲೇ ಇದ್ದರೆ ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿದೆಯೇ ನೋಡಿರಿ. ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನಲ್ಲಿದ್ದ ಹೆಸರನ್ನೇ ಬರೆಸಿರಿ, ಕರೆಯುವ ಹೆಸರನ್ನಲ್ಲ. ರೊಟ್ಟಿಯ ಬುತ್ತಿಯ ವಿಚಾರ ಆಮೇಲೆ.