ತಡಾ ಮಾಡಿ ಛತ್ರಿ ಬಿಚ್ಚಿದವನಿಗಿ ಪಾಯಿಂಟ್ ಜಾಸ್ತಿ

“ಕಾಕಾ, ನಿಮ್ಮ ಮೊಮ್ಮಗ ಪರ್ಸಿ ಗೋಡಿಗಿ ಒರಗಿ ಮೊಬೈಲ್‌ನಾಗ ಏನ್ ಆಡ್ಲಕತ್ತಾನ ನೋಡೀರೇನ್ರಿ? ನನಗಿಂತ ವಯಸ್ಸಾದ ಗೇಮ್ ಅದು.”

“ಏನೋ ತಮ್ಮಾ, ವಿಮಾನದಿಂದ ಮಂದಿ ಬೀಳಾದು ಕಂಡಂಗಾಯ್ತು. ಬೀಳಾದೇ ಆಟ ಏನು?”

ಬೀಳಾದೇ ಆಟ ರೀ. ‘ಸ್ಕೈ ಡೈವರ್’ ಅಂತ ಹೆಸರು. ಅಟಾರಿ 2600 ಅನ್ನೋ ವಿಡಿಯೋ ಗೇಮ್ ಡಬ್ಬಿ ಸಲುವಾಗಿ ಜಿಮ್ ಹ್ಯೂಥರ್ ಅನ್ನಾವ ಬರದದ್ದು, 1979ರಾಗ ಬಂತು. ಮ್ಯಾಲ ವಿಮಾನ, ಕೆಳಗ ಇಳಿಯೋ ಜಾಗಾ, ಆಡಾವ್ರು ಇಬ್ಬರು. ಗುಂಡು ಹಾರ್ಸಾದಿಲ್ಲ, ರಾಕ್ಷಸರಿಲ್ಲ. ಜಿಗೀಬೇಕು, ಪ್ಯಾರಾಚೂಟ್ ಛತ್ರಿ ಬಿಚ್ಚಬೇಕು, ಜಾಗಾದ ಮ್ಯಾಲ ಕಾಲೂರಬೇಕು. ಛತ್ರಿ ಎಷ್ಟು ತಡಾ ಬಿಚ್ತೀರಿ ಅಷ್ಟು ಪಾಯಿಂಟ್ ಜಾಸ್ತಿ. ಅತೀ ತಡಾ ಮಾಡಿದ್ರೋ, ಮುಗೀತು ಕಥಿ.

“ಏ ಯಪ್ಪಾ, ಸಾಯ್ಲಾಕ ಹೊಂಟವನಿಗಿ ಬಹುಮಾನ ಏನೋ!”

ಖರೇ ಜಿಗಿಯಾವ್ರು ಹಿಂಗ ಮಾಡಂಗಿಲ್ರಿ. ಹೊಟ್ಟಿ ಕೆಳಗ ಮಾಡಿ ಬಿದ್ರ ತಾಸಿಗಿ ಸುಮಾರು 200 ಕಿಲೋಮೀಟರ್ ವೇಗ. ಇಂತಿಷ್ಟು ಎತ್ತರದಾಗ ಬಿಚ್ಚಲೇಬೇಕಂತ ಕಾಯ್ದೆ ಅದ. ಮೈಮರತ್ರ ತಾನೇ ಎರಡನೇ ಛತ್ರಿ ಬಿಚ್ಚೋ ಯಂತ್ರ ಬೆನ್ನಿಗಿರ್ತದ. ರೇಚಲ್ ಥಾಮಸ್ ಅನ್ನೋ ನಮ್ಮ ದೇಶದ ಹೆಣ್ಣಮಗಳು 2002ರಾಗ ಉತ್ತರ ಧ್ರುವದ ಮ್ಯಾಲ 7,000 ಅಡಿಯಿಂದ ಜಿಗಿದ್ರು. ನಮ್ಮ ವಾಯುಪಡೆಯ ‘ಆಕಾಶ ಗಂಗಾ’ ತಂಡ 1987ರಿಂದ ಜಿಗೀಲಕತ್ತದ. ಇವರ್ಯಾರಿಗೂ ತಡಾ ಮಾಡಿದ್ದಕ್ಕ ಶಬ್ಬಾಸ್ ಅಂದವರಿಲ್ಲ.

ಆದ್ರ ಒಂದು ವಿಷಯದಾಗ ಆ ಗೇಮ್ ಬರದಾವ ಪಕ್ಕಾ ಮನುಷ್ಯಾ. ಪರದೆ ಮ್ಯಾಲ ಗಾಳಿಚೀಲ ಒಂದು ಇಟ್ಟಾನ. ಅದು ಯಾವ ಕಡಿ ತಿರುಗ್ಯದ, ಎಷ್ಟು ಉಬ್ಬ್ಯದ ನೋಡಿ ಜಿಗೀಬೇಕು. ನೋಡ್ದೆ ಜಿಗದ್ರ ಛತ್ರಿ ಬಿಚ್ಚಿದ ಮ್ಯಾಲೂ ಗಾಳಿ ಎಳಕೊಂಡು ಹೋಗಿ ಎಲ್ಲೋ ಒಗೀತದ. ವಾಡಿ, ಶಹಾಬಾದ್ ಮಂದಿಗಿ ಇದನ್ನ ಕಲಿಸ್ಬೇಕೇನ್ರಿ? ಫ್ಯಾಕ್ಟರಿ ಚಿಮಣಿ ಹೊಗಿ ಯಾವ ದಿಕ್ಕಿಗಿ ಹೊಂಟದ ನೋಡಿ ಹಪ್ಪಳ ಒಣಗ್ಲಾಕ ಹಾಕೋ ನಮ್ಮ ಅವ್ವಂದಿರು ಈ ಗೇಮ್ ಆಡಿದ್ರ ಒಬ್ಬರೂ ಗುರಿ ತಪ್ತಿದ್ದಿಲ್ಲ.

ಈ ಇಡೀ ಗೇಮ್ 2 ಕೆ.ಬಿ. ಒಳಗ ರೀ. ಆ ಡಬ್ಬಿಯ ನೆನಪಿನ ಶಕ್ತಿ 128 ಬೈಟ್. ಈಗಿನ ಲೆಕ್ಕದಾಗ ಕನ್ನಡದ ಒಂದೊಂದು ಚಿಹ್ನೆಗಿ 3 ಬೈಟ್ ಬೇಕು. ಅಂದ್ರ ನಾ ಈಗ ಆಡಿದ ಈ ಒಂದು ಮಾತೂ ಅದರಾಗ ಹಿಡಿಯಂಗಿಲ್ಲ. ಅಂಥಾದ್ರಾಗ ಹ್ಯೂಥರ್ ವಿಮಾನ, ಗಾಳಿ, ಛತ್ರಿ ಎಲ್ಲಾ ಹಿಡಿಸ್ಯಾನ!

“ನಮ್ಮ ಮನ್ಯಾಗೂ ಇತ್ತಲ್ಲೋ ಒಂದು ವಿಡಿಯೋ ಗೇಮ್?”

ಅದು ಬ್ಯಾರೇ ರೀ, ನಕಲಿ ಡಬ್ಬಿ. ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತ ಹಾಕ್ತಿದ್ವಿ. ಬ್ಯಾಸಗಿ ಮಧ್ಯಾಹ್ನ, ಹೊರಗ ಬೆಂಕಿ ಬಿಸಲು, ಒಳಗ ಮಾರಿಯೋ. ಇನ್ನೇನು ಗೆದ್ವಿ ಅನ್ನಾದ್ರಾಗ ಕರೆಂಟ್ ಹೋಗ್ತಿತ್ತು.

‘ಸ್ಕೈ ಡೈವರ್’ಗಿಂತ ವಿಚಿತ್ರ ಬೀಳೋ ಆಟ ಇನ್ನೊಂದದ. 1990ರಾಗ ನಿಂಟೆಂಡೊದವರು ‘ಪೈಲಟ್‌ವಿಂಗ್ಸ್’ ಅಂತ ತಂದ್ರು. ಅದರಾಗ ಗಾಳಿಯಾಗಿನ ಬಳಿ ತೂರ್ಕೊಂಡು ಬೀಳಬೇಕು, ಮಾಸ್ತರ ಕೂತು ಮಾರ್ಕ್ಸ್ ಹಾಕ್ತಾನ. ಓಡಾಡೋ ಕಟ್ಟಿ ಮ್ಯಾಲ ಸರಿಯಾಗಿ ಇಳದ್ರ ಪೆಂಗ್ವಿನ್ ವೇಷ ಹಾಕಿ ನೀರಿಗಿ ಜಿಗಸ್ತಾರ. ಯಾಕ ಅಂತ ಕೇಳಬ್ಯಾಡ್ರಿ. ಚಂದ ಅದೇ ಜಾಸ್ತಿ ಅದ, ಆದ್ರ ಎದಿ ಧಡಧಡ ಅನ್ನಾದು ಹಳೇದ್ರಾಗೇ.

ಹಳೇದ್ರಾಗೇ ಇನ್ನೊಂದು ತರಾ ಅದ. ಕೆಳಗ ಒಂದೇ ಜಾಗಾ, ಮ್ಯಾಲಿಂದ ಇಬ್ಬರು. ಮೊದಲ ಇಳದವನಿಗಿ ಪಾಯಿಂಟ್.

“ಹಂಗಾದ್ರ ವಾಡಿ ಜಂಕ್ಷನ್‌ನಾಗ ಜನರಲ್ ಡಬ್ಬಿ ಸೀಟು ಹಿಡಿಯೋ ಆಟನೇ ಅಲ್ಲೇನೋ ಅದು!”

ಅದೇ ರೀ. ಆದ್ರ ಅಲ್ಲಿ ನಮಗ ಛತ್ರಿನೂ ಕೊಡಂಗಿಲ್ಲ.