ದಯವಿಟ್ಟು ಮ್ಯೂಟ್ ಮಾಡಿಕೊಳ್ಳಿ

ನಮ್ಮೂರು ಅಮೀನಗಡದಲ್ಲಿ ಕುಳಿತು ಈಗ ಅಮೆರಿಕದ ಗುಡ್ಡಗಾಡಿನ ವಾದ್ಯ ಕಲಿಯಬಹುದು. ಜೋಗಮ್ಮನ ಚೌಡಿಕೆ ಕಲಿಯುವುದು ಮಾತ್ರ ಆಗುವುದಿಲ್ಲ. ಕಲಿಸುವವರಿಲ್ಲ ಅಂತಲ್ಲ. ಕಲಿಯಲು ಹೋದರೆ ನಾಳೆ ಹೆಣ್ಣು ಕೊಡುವವರು ಏನಂದಾರು?

ಅಮೆರಿಕದ ಆ ವಾದ್ಯದ ಹೆಸರು ಮೌಂಟನ್ ಡಲ್ಸಿಮರ್. ಅಪಲೇಶಿಯನ್ ಬೆಟ್ಟಗಳದ್ದು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಾರಿಸುತ್ತಾರೆ. ಮೂರೋ ನಾಲ್ಕೋ ತಂತಿ. ಒಂದರ ಮೇಲೆ ಹಾಡಿನ ಧಾಟಿ ಓಡುತ್ತದೆ. ಉಳಿದವು ಶ್ರುತಿ ಹಿಡಿದು ಒಂದೇ ಸಮನೆ ಗುಂಯ್‌ಗುಡುತ್ತವೆ. ಕಂಟಕಿಯ ವೈಪರ್ ಎಂಬ ಹಳ್ಳಿಯ ಜೀನ್ ರಿಚಿ ಎಂಬಾಕೆ, 14 ಮಕ್ಕಳ ಮನೆಯ ಕೊನೆಯ ಮಗಳು, ಅದನ್ನು ನ್ಯೂಯಾರ್ಕಿಗೆ ಒಯ್ದು ಜಗತ್ತಿಗೆ ಕೇಳಿಸಿದಳು. ಅಲ್ಲಿಯವರೆಗೆ ಅದು ಬಡವರ ಅಂಗಳದ ವಾದ್ಯ. ಅಂದರೆ ನಮ್ಮ ಏಕತಾರಿ, ತುಂತುಣಿ, ಚೌಡಿಕೆಗಳ ನೆಂಟ. ದೂರದ ನೆಂಟ. ಮರ್ಯಾದೆ ಹೆಚ್ಚಾಗಲು ಅಷ್ಟು ಸಾಕು.

ನಮ್ಮ ಓಣಿಯ ಇಂಜಿನಿಯರ್ ಒಬ್ಬ ಈ ಡಲ್ಸಿಮರಿನ ಆನ್‌ಲೈನ್ ಶಿಬಿರಕ್ಕೆ ಸೇರಿದ್ದಾನೆ. ಬೆಂಗಳೂರಿನ ಸಂಬಳ, ಅಮೀನಗಡದ ಮನೆ. ಶುಲ್ಕ ಡಾಲರಿನಲ್ಲಿ. ವಾದ್ಯ ವಿಮಾನದಲ್ಲಿ. ಸುಂಕ ಕಸ್ಟಮ್ಸ್‌ನಲ್ಲಿ. ಪಾಠ ರಾತ್ರಿ ಎರಡಕ್ಕೆ, ಏಕೆಂದರೆ ಗುರುಗಳ ಊರಲ್ಲಿ ಆಗ ಸಂಜೆ ನಾಲ್ಕೂವರೆ. ಮನೆಯವರೆಲ್ಲ ಚಾಪೆ ಮೇಲೆ ಕುಳಿತು ಹೆಮ್ಮೆಯಿಂದ ಕೇಳುತ್ತಾರೆ. ಶ್ರಾವಣದ ಭಜನೆ ರಾತ್ರಿ ಹನ್ನೊಂದು ದಾಟಿತು, ನಿದ್ದೆ ಕೆಟ್ಟಿತು ಎಂದು ದೂರು ಒಯ್ದದ್ದು ಇದೇ ಮನೆ.

ಅದೇ ಬಾಗಿಲಿಗೆ ಎಲ್ಲಮ್ಮನ ಹೆಸರಿನಲ್ಲಿ ಬೇಡುವ ಜೋಗಮ್ಮ ಬರುತ್ತಾಳೆ. ತಲೆಯ ಮೇಲೆ ಪಡಲಿಗೆ, ಕಂಕುಳಲ್ಲಿ ಚೌಡಿಕೆ. ಒಂದೇ ತಂತಿ. ಅದನ್ನು ಬಿಗಿದು ಸಡಿಲಿಸಿ ಆಕೆ ಮಾತಾಡಿಸುವ ಪರಿಗೆ ಡಲ್ಸಿಮರಿನ ನಾಲ್ಕೂ ತಂತಿ ಕೈಮುಗಿಯಬೇಕು. ಒಳಗಿನಿಂದ ಉತ್ತರ ಬರುತ್ತದೆ.

“ಮುಂದಕ್ಕ ಹೋಗವ್ವಾ, ಚಿಲ್ಲರೆ ಇಲ್ಲ.”

ಡಾಲರ್ ಇದೆ. ಚಿಲ್ಲರೆ ಇಲ್ಲ.

2021ರಲ್ಲಿ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂತು. ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ ನಮ್ಮೂರ ಗ್ರೂಪುಗಳಲ್ಲೆಲ್ಲ ಹರಿದಾಡಿತು. ಕೈಮುಗಿದ ಚಿತ್ರಗಳ ಸುರಿಮಳೆ. ಅದೇ ವಾರ ಅದೇ ಬಾಗಿಲುಗಳ ಮುಂದೆ ಜೋಗಮ್ಮ ನಿಂತಿದ್ದಳು. ಚಿಲ್ಲರೆ ಆಗಲೂ ಇರಲಿಲ್ಲ. ದೆಹಲಿಗೆ ಹೋಗಿ ಬಂದ ಜೋಗತಿ ಸಂಸ್ಕೃತಿ. ಓಣಿಗೆ ಬಂದ ಜೋಗಮ್ಮ ಕಿರಿಕಿರಿ.

ಇರಲಿ, ಡಾಲರಿಗೆ ಸಿಕ್ಕ ಪಾಠವಾದರೂ ಎಂಥದು? ಪರದೆಯ ಮೇಲೆ ಸಣ್ಣ ಸಣ್ಣ ಕಿಟಕಿಗಳು. ಕಿಟಕಿಗೊಂದು ಮುಖ, ಮುಖದ ಕೆಳಗೊಂದು ವಾದ್ಯ. ಗುರುಗಳ ಮೊದಲ ಉಪದೇಶ: ಎಲ್ಲರೂ ದಯವಿಟ್ಟು ಮ್ಯೂಟ್ ಮಾಡಿಕೊಳ್ಳಿ. ಸಂಗೀತ ಶಾಲೆಯ ಮೊದಲ ನಿಯಮವೇ ಸದ್ದು ಮಾಡಬಾರದು! ಗುರು ಬಾರಿಸುತ್ತಾರೆ, ಶಿಷ್ಯರು ಬಾರಿಸುತ್ತಾರೆ, ಗುರುವಿಗೆ ಯಾರದೂ ಕೇಳುವುದಿಲ್ಲ. ಕೊನೆಗೆ ಗುರು ಅನ್ನುತ್ತಾರೆ: ಅದ್ಭುತ. ಕೇಳದೇ ಇದ್ದದ್ದಕ್ಕೆ ಇಷ್ಟು ಧಾರಾಳವಾಗಿ ಮೆಚ್ಚುಗೆ ಕೊಡುವವರು ವಿಮರ್ಶಕರಲ್ಲೂ ಕಡಿಮೆ.

ಮ್ಯೂಟ್ ತೆಗೆದರೆ ಇನ್ನೂ ಚಂದ. ಇಬ್ಬರು ಕೂಡಿ ಬಾರಿಸಬೇಕಾದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡಿನೊಳಗೆ ಮುಟ್ಟಬೇಕು. ತಡವಾದರೆ ತಾಳ ಜಾರುತ್ತದೆ. ವಿಡಿಯೊ ಕರೆಯಲ್ಲಿ 100 ದಾಟುವುದು ಮಾಮೂಲು. ಸಮುದ್ರ ದಾಟಿದ ಮೇಲಂತೂ ಕೇಳುವುದೇ ಬೇಡ. ಗುರು ಅಲ್ಲಿ ತಾಳ ಹಾಕುತ್ತಾರೆ. ಶಿಷ್ಯ ಇಲ್ಲಿ ಅದನ್ನು ಕೇಳಿ ಬಾರಿಸುತ್ತಾನೆ. ಅದು ಗುರುವಿಗೆ ಮುಟ್ಟುವ ಹೊತ್ತಿಗೆ ಗುರು ಮುಂದಿನ ಮಾತ್ರೆಯಲ್ಲಿರುತ್ತಾರೆ. ಇಬ್ಬರೂ ಸರಿ. ಕೂಡಿದರೆ ತಪ್ಪು. ನಮ್ಮ ಸಮ್ಮಿಶ್ರ ಸರ್ಕಾರಗಳ ಹಾಗೆ.

ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿದೆ. ಈ ವಿಡಿಯೊ ಕರೆಯ ಆಪ್‌ಗಳು ಹುಟ್ಟಿದ್ದು ಮೀಟಿಂಗು ನಡೆಸಲು. ಅವಕ್ಕೆ ಮನುಷ್ಯರ ಮಾತಷ್ಟೇ ಗೊತ್ತು. ಒಂದೇ ಸಮನೆ ಗುಂಯ್ ಎನ್ನುವ ಸದ್ದು ಕಿವಿಗೆ ಬಿದ್ದರೆ ಫ್ಯಾನ್ ಎಂದು ತಿಳಿದು ಒರೆಸಿ ಹಾಕುತ್ತವೆ. ಝೂಮ್‌ನವರು ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಎಂಬ ಬೇರೆ ಗುಂಡಿ ಇಡಬೇಕಾಯಿತು. ಒತ್ತಿದರೆ ಶ್ರುತಿ. ಮರೆತರೆ ಫ್ಯಾನ್. ತಂಬೂರಿಗೆ ಮಿರಜಿನ ಕುಶಲಿಗಳು ಕುಂಬಳದ ಬುರುಡೆ ಒಣಗಿಸಿ, ತಂತಿಯ ಕೆಳಗೆ ನೂಲಿನೆಳೆ ಸರಿಸಿ ಸರಿಸಿ ಜೀವಾಳ ಕೂಡಿಸುತ್ತಾರೆ. ಆ ಕಸುಬಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಆಪ್‌ನ ಲೆಕ್ಕದಲ್ಲಿ ಮಾತ್ರ ಆ ಜೀವಾಳ ಕಸ. ಏಕತಾರಿಯ ಪಾಠವನ್ನು ಏಕತಾರಿಯನ್ನೇ ಅಳಿಸಿ ಹಾಕುವ ಯಂತ್ರದ ಮೇಲೆ ಕಲಿಯುತ್ತಿದ್ದೇವೆ. ದುಡ್ಡು ಕೊಟ್ಟು.

ಯಂತ್ರವನ್ನೇ ಏಕೆ ಬೈಯಬೇಕು? ಮನುಷ್ಯರು ಮೊದಲೇ ಮಾಡಿ ತೋರಿಸಿದ್ದಾರೆ. 1940ರಲ್ಲಿ ರೇಡಿಯೊದವರು ಪೇಟಿಯನ್ನು, ಅಂದರೆ ಹಾರ್ಮೋನಿಯಮ್ಮನ್ನು, ನಿಷೇಧಿಸಿದರು. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಅದು ವಿದೇಶಿ ಎಂಬುದು ತಕರಾರು. ನಿಷೇಧ ಸಡಿಲಾದದ್ದು 1971ರಲ್ಲಿ. 1950ರಲ್ಲಿ ಧಾರವಾಡ ಕೇಂದ್ರ ತೆರೆದಾಗಲೂ ಪೇಟಿ ಬಾಗಿಲ ಹೊರಗೇ ನಿಂತಿತ್ತು. ಹೊರಗೆ ಮಾತ್ರ ನಾಟಕ, ಭಜನೆ, ಕೀರ್ತನೆ ಎಲ್ಲವೂ ಪೇಟಿಯ ಮೇಲೆ ನಡೆದಿದ್ದವು. ಆಗಿನವರು ವಿದೇಶಿ ಎಂದು ತಳ್ಳಿದರು. ಈಗಿನವರು ವಿದೇಶಿ ಎಂದೇ ತಬ್ಬುತ್ತಾರೆ. ಎರಡೂ ಸಲ ಯಾರೂ ವಾದ್ಯವನ್ನು ಕಿವಿಯಿಂದ ಕೇಳಲಿಲ್ಲ. ಪಾಸ್‌ಪೋರ್ಟ್ ನೋಡಿದರು.

ನಮ್ಮಲ್ಲಿ ಶಿಬಿರ ಇರಲಿಲ್ಲವೆ? ಇತ್ತು. ತಾಲೀಮು ಅನ್ನುತ್ತಿದ್ದರು. ಜಾತ್ರೆಗೆ ನಾಟಕ ಇಟ್ಟುಕೊಂಡ ಹಳ್ಳಿಯವರು ಪೇಟಿ ಮಾಸ್ತರನನ್ನು ಕರೆತರುತ್ತಿದ್ದರು. ಗುಡಿಯಲ್ಲೋ ಯಾರದೋ ಪಡಸಾಲೆಯಲ್ಲೋ ಆತನ ಬಿಡಾರ. ಇವತ್ತು ಈ ಮನೆಯ ರೊಟ್ಟಿ, ನಾಳೆ ಆ ಮನೆಯದು. ಹೊಲದಿಂದ ಬಂದವನು ದುರ್ಯೋಧನ. ಮಗ್ಗದ ಕುಣಿಯಿಂದ ಎದ್ದು ಬಂದವನು ಶಕುನಿ. ಸ್ವರ ತಪ್ಪಿದರೆ ಮಾಸ್ತರನ ಬೈಗುಳ ತಪ್ಪುತ್ತಿರಲಿಲ್ಲ, ಅದೂ ಶ್ರುತಿಬದ್ಧವಾಗಿ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಹಳ್ಳಿಹಳ್ಳಿಯ ಅಟ್ಟ ಹತ್ತಿದ್ದು ಹೀಗೆ. ಹನುಮಂತರಾಯರು ಬೇರೆಲ್ಲಿಯವರೂ ಅಲ್ಲ, ಇದೇ ಹುನಗುಂದ ಸೀಮೆಯವರು. ಅವರನ್ನು ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಕರೆದೆವು. ಊರ ಕವಿಗೆ ಬೆಲೆ ಕಟ್ಟಲೂ ನಮಗೆ ಇಂಗ್ಲೆಂಡಿನವನ ಹೆಸರೇ ಬೇಕಾಯಿತು.

ಈಗಿನ ಅಟ್ಟದ ಮೇಲೆ ಮಾಸ್ತರನ ಜಾಗದಲ್ಲಿ ಪೆನ್‌ಡ್ರೈವ್ ಇದೆ. ಅದಕ್ಕೆ ರೊಟ್ಟಿ ಹಾಕಬೇಕಿಲ್ಲ.

ಗದುಗಿನ ಮಾತು ಎತ್ತದಿದ್ದರೆ ಆಗುವುದಿಲ್ಲ. ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಗುರು ಶಿಷ್ಯನ ಬೆರಳು ಹಿಡಿದು ವಾದ್ಯದ ಮನೆಯ ಮೇಲೆ ಇಟ್ಟರೆ ಅದೇ ಪಾಠ. ಸಾರಂಗಿ, ವಯೊಲಿನ್, ತಬಲಾ, ಪೇಟಿ ಎಲ್ಲವೂ ಪುಟ್ಟರಾಜರ ಕೈಗೆ ಬಂದದ್ದು ಹೀಗೆ. ವಿಡಿಯೊ ಇರಲಿಲ್ಲ, ಇದ್ದರೂ ನೋಡುವವರಿರಲಿಲ್ಲ. ಶುಲ್ಕವೂ ಇರಲಿಲ್ಲ. ಊಟ ಹಾಕಿ ಕಲಿಸಿದರು. ಅಮೀನಗಡದಿಂದ ಗದುಗಿಗೆ ಬಸ್ಸಿದೆ. ಅರ್ಧ ದಿನವೂ ಬೇಡ. ಎಚ್‌ಡಿ ಕ್ಯಾಮೆರಾ, ರಿಂಗ್ ಲೈಟ್, ಎರಡೆರಡು ಪರದೆ ಇಟ್ಟುಕೊಂಡವನಿಗೆ ಆ ಬಸ್ಸಷ್ಟೇ ಕಾಣುವುದಿಲ್ಲ.

“ಹಾಂಗಲ್ಲರೀ, ಭೀಮಸೇನ ಜೋಶಿಯವರೂ ರೆಕಾರ್ಡ್ ಕೇಳೇ ಕಲತದ್ದು” ಎನ್ನುತ್ತಾನೆ ಇಂಜಿನಿಯರ್. ಅರ್ಧ ಓದಿಕೊಂಡವರ ವಾದ ಯಾವಾಗಲೂ ಪೂರ್ತಿ ಜೋರು. ಹುಡುಗ ಭೀಮಸೇನ ಅಬ್ದುಲ್ ಕರೀಮ್ ಖಾನರ ರೆಕಾರ್ಡ್ ಕೇಳಿದ್ದು ನಿಜ. ಕೇಳಿ ಕುರ್ಚಿಯಲ್ಲಿ ಕೂರಲಿಲ್ಲ. 1933ರಲ್ಲಿ, 11ರ ವಯಸ್ಸಿನಲ್ಲಿ, ಮನೆ ಬಿಟ್ಟು ರೈಲು ಹತ್ತಿದ. ಗುರುವನ್ನು ಹುಡುಕುತ್ತ ಗ್ವಾಲಿಯರ್ ಕಂಡು ಜಲಂಧರ್‌ವರೆಗೆ ಹೋದ. ಅಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ್ದೇನು? ನಿನ್ನೂರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ, ಹೋಗು ಅಂತ. ಹುಡುಗ ತಿರುಗಿ ಬಂದು ಕುಂದಗೋಳದಲ್ಲಿ ಆ ಗುರುವಿನ ಮನೆಗೆ ನೀರು ಹೊತ್ತ. ನಮ್ಮ ಇಂಜಿನಿಯರನಿಗೆ ಕಂಟಕಿಯ ಗುರು ಇಂಥ ಮಾತು ಹೇಳುವ ಸಾಧ್ಯತೆ ಇಲ್ಲ. ಹೇಳಿದರೆ ಮುಂದಿನ ಕಂತಿನ ಶುಲ್ಕ ಬರುವುದಿಲ್ಲ.

ಪರದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳು ಧಾರವಾಡದ ಮಾಸ್ತರರ ಹತ್ತಿರ ಪರದೆಯ ಮೇಲೆ ಕಲಿತರೆ ನನ್ನ ತಕರಾರಿಲ್ಲ. ಅವರಿಗೆ ಬೇರೆ ದಾರಿ ಇಲ್ಲ. ನನ್ನ ಸಿಟ್ಟು ದಾರಿ ಇದ್ದೂ ಕದ ಹಾಕಿಕೊಂಡವರ ಮೇಲೆ. ಇದೇ ಜನ ಅಮೀನಗಡದ ಸಂತೆಯಲ್ಲಿ ಹಲ್ಲು ನೋಡದೆ, ಬೆನ್ನು ತಡವದೆ ಒಂದು ಕುರಿ ಕೊಳ್ಳುವುದಿಲ್ಲ. ಗುರುವನ್ನು ಮಾತ್ರ ಪೋಸ್ಟರ್ ನೋಡಿ ಕೊಳ್ಳುತ್ತಾರೆ.

ಕೂಡಲಸಂಗಮ ಇಲ್ಲಿಂದ ಎಷ್ಟು ದೂರ? ಮೈಯನ್ನೇ ದಂಡಿಗೆ ಮಾಡು, ತಲೆಯನ್ನೇ ಸೋರೆ ಮಾಡು ಎಂಬ ಅರ್ಥದಲ್ಲಿ ಬಸವಣ್ಣ ದೇವರನ್ನು ಬೇಡಿದ ವಚನ ಎಲ್ಲರಿಗೂ ಬಾಯಿಪಾಠ. ಬಸವ ಜಯಂತಿಯ ದಿನ ವೇದಿಕೆಯ ಮೇಲೆ ಅದನ್ನು ಹಾಡುತ್ತಾರೆ. ಕ್ಯಾರಿಯೋಕೆ ಟ್ರ್ಯಾಕಿನ ಮೇಲೆ. ದೇಹವೇ ವಾದ್ಯವಾಗಲಿ ಎಂದ ವಚನಕ್ಕೆ ಒಂದು ನಿಜವಾದ ವಾದ್ಯಕ್ಕೂ ಗತಿಯಿಲ್ಲ. ಕಲ್ಯಾಣದಲ್ಲಿ ಉಳ್ಳಾಗಡ್ಡಿಯ ವಾಸನೆಗೆ ಬಸವಣ್ಣ ಹೇಸಿದಾಗ ಕಿನ್ನರಿ ಬೊಮ್ಮಯ್ಯ ಸಿಟ್ಟಾಗಿ ಎದ್ದು ಹೋದ, ಬಸವಣ್ಣನೇ ಕ್ಷಮೆ ಬೇಡಿ ಕರೆತಂದ ಎಂಬ ಕಥೆಯಿದೆ. ಕಿನ್ನರಿ ಬಾರಿಸುವವನ ಸಿಟ್ಟಿಗೆ ಆಗ ಅಷ್ಟು ಬೆಲೆ. ಈಗ ತುಂತುಣಿಯವನು ಸಿಟ್ಟಾಗಿ ಹೋದರೆ ಊರಿಗೆ ಗೊತ್ತೇ ಆಗುವುದಿಲ್ಲ. ಇದ್ದಾಗಲೇ ಗೊತ್ತಿರಲಿಲ್ಲ.

ಮೂರು ವಾರಕ್ಕೆ ಇಂಜಿನಿಯರನ ಸರ್ಟಿಫಿಕೇಟ್ ಬಂತು. ಬಣ್ಣದ ಅಂಚು, ಗುರುಗಳ ಅಚ್ಚಿನ ಸಹಿ. ಫ್ರೇಮ್ ಹಾಕಿಸಿ ಗೋಡೆಗೆ ಏರಿಸಿದ್ದಾರೆ. ಡಲ್ಸಿಮರ್ ಅದರ ಕೆಳಗೆ ಒರಗಿದೆ. ಬಾರಿಸು ಎಂದರೆ ತಂತಿ ಶ್ರುತಿಯಲ್ಲಿಲ್ಲ ಅನ್ನುತ್ತಾನೆ. ಶ್ರುತಿ ಕೂಡಿಸುವುದು ಮುಂದಿನ ಕೋರ್ಸಿನಲ್ಲಿದೆಯಂತೆ. ಗುರುದಕ್ಷಿಣೆಗೆ ಒಂದು ಡಬ್ಬಿ ಕರದಂಟು ಕಳಿಸೋಣವೆಂದಿದ್ದ. ಕೊರಿಯರ್ ಖರ್ಚು ಕೇಳಿ ಭಕ್ತಿ ಇಳಿಯಿತು.

ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಜನರ ಚಟಗಳನ್ನು ಬೇಡುತ್ತಿದ್ದರು. ಬೀಡಿ ಬಿತ್ತು, ಗುಟಕಾ ಬಿತ್ತು, ಸೆರೆ ಬಿತ್ತು. 2018ರಲ್ಲಿ ಲಿಂಗೈಕ್ಯರಾದರು. ಸರ್ಟಿಫಿಕೇಟಿನ ಚಟ ಬೇಡುವಷ್ಟರಲ್ಲಿ ನಾವು ಅವರನ್ನು ಕಳೆದುಕೊಂಡೆವು.

ಈಗ ನಮ್ಮವರೂ ಅಂಗಡಿ ತೆರೆದಿದ್ದಾರೆ. ‘ಐದೇ ದಿನದಲ್ಲಿ ತತ್ವಪದ ಕಲಿಯಿರಿ, ಪ್ರಮಾಣಪತ್ರ ಸಹಿತ.’ ತತ್ವಪದ ಕಟ್ಟಿದ ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಪಾಪ, 70 ವರ್ಷ ತೆಗೆದುಕೊಂಡರು. ಈ ಶಿಬಿರ ನಡೆಸುವವನು ನಮ್ಮ ಕಡೆಯ ಭಜನೆಯ ಅಜ್ಜನೊಬ್ಬನ ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದವನು. ಪೋಸ್ಟರಿನಲ್ಲಿ ಅವನ ಫೋಟೊ ಇದೆ. ಏಕತಾರಿಯ ಫೋಟೊ ಇದೆ. ಅಜ್ಜನದಿಲ್ಲ.

ಅಜ್ಜ ಬಾಲ್ಯದಲ್ಲಿ ಮೊದಲು ತಾಳ ಹಿಡಿದವನು. ವರ್ಷಗಟ್ಟಲೆ ಬರೀ ತಾಳ. ಆಮೇಲೆ ದಮ್ಮಡಿ. ಕೈ ಪಳಗಿದ ಮೇಲಷ್ಟೇ ಏಕತಾರಿ ಮುಟ್ಟಲು ಬಿಟ್ಟರು. ಈಗ ವಯಸ್ಸಾಗಿದೆ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದಾನೆ. ಹಾಡಿದ್ದಕ್ಕೆ ಪುರಾವೆ ಕೇಳಿದ್ದಾರೆ. ಆಮಂತ್ರಣ ಪತ್ರಿಕೆ, ಫೋಟೊ, ಪ್ರಮಾಣಪತ್ರ. ರಾತ್ರಿಯಿಡೀ ಗುಡಿಯಲ್ಲಿ ಹಾಡಿದ್ದಕ್ಕೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದವರು ಯಾರು? ಇಲ್ಲೇ ಹಾಡುತ್ತೇನೆ, ಕೇಳಿ ಎಂದನಂತೆ. ಕಚೇರಿಯಲ್ಲಿ ಗದ್ದಲ ಮಾಡುವಂತಿಲ್ಲ ಎಂದರಂತೆ.

ಅಜ್ಜ ಸಲಹೆ ಕೇಳಲು ಓದಿದವನ ಮನೆಗೆ ಬಂದ. ಓದಿದವನೆಂದರೆ ನಮ್ಮ ಇಂಜಿನಿಯರ್. ಆತ ಅರ್ಜಿ ತಿರುವಿ ಹಾಕಿ, ಮೊಬೈಲ್ ತೆಗೆದು, ಪೋಸ್ಟರ್ ತೋರಿಸಿದ.

“ಅಜ್ಜಾ, ಹಿಂಗ ಮಾಡ್ರಿ. ಈ ಐದು ದಿನದ ಕೋರ್ಸಿಗೆ ಸೇರ್ರಿ. ಸರ್ಟಿಫಿಕೇಟ್ ಸಿಗತೈತಿ.”

ಅಜ್ಜ ಪೋಸ್ಟರ್ ನೋಡಿದ. ಕಲಿಸುವವನ ಮುಖ ಗುರುತು ಹಿಡಿದ.

“ಇವಗ ನಾನ ಅಲ್ಲೇನೋ ತಮ್ಮಾ ಕಲಿಸಿದ್ದು?”

“ಹೌದೇನ್ರಿ? ಹಂಗಾದ್ರ ನಿಮಗ ಸಲೀಸು. ಹಿರಿಯರಿಗೆ ರಿಯಾಯಿತಿನೂ ಐತಿ.”